ಇಪ್ಪತ್ನಾಲ್ಕನೇ ಚೌಕ

ಚನ್ನಲಿಂಗಪ್ಪನವರು ತಮ್ಮ ಸಂಸಾರದ ಕಥೆಯನ್ನು ಚಿತ್ರಗಳಲ್ಲಿ ಬರೆಯಲು ಕೂತದ್ದರಿಂದ ಕೈಲಾಂಚದ ದಾರಿಯಲ್ಲಿ ಹನ್ನೊಂದು ದಿನ ಯಾರೂ ಯಾರಿಂದಲೂ ಸೈಟು ಕೊಳ್ಳಲಿಲ್ಲ. ಎಲ್ಲರೂ ಚನ್ನಲಿಂಗಪ್ಪನವರದಕ್ಕೆ ಕಾದು ಕೂತಿದ್ದರು. ಇದರಲ್ಲಿ ನನ್ನ ಪಾತ್ರವೂ ಇದೆಯೆಂದು ಸರ್ಕಾರಿ ಕಡತವೊಂದರಲ್ಲಿ ದಾಖಲಾಗಿರುವುದರಿಂದ ನಡೆದದ್ದನ್ನು ನಾನೇ ಬರೆಯುತ್ತಿದ್ದೇನೆ.

ರಾಮನಗರದಲ್ಲಿ ರೇಷ್ಮೆ ಬಿಚ್ಚುವ ಶೆಡ್ಡುಗಳ ಬೀದಿಯಲ್ಲಿ ನಮ್ಮ ಗ್ರಂಥಾಲಯವಿದೆ. ಎರಡೇ ಕೋಣೆ. ಮುಂದಿನದರಲ್ಲಿ ಪೇಪರ್ ಓದುವವರು, ಹಿಂದಿನದರಲ್ಲಿ ಪುಸ್ತಕಗಳು ಮತ್ತು ನಾನು. ರೇಷ್ಮೆಗೂಡು ಬೇಯುವ ವಾಸನೆ ಪುಸ್ತಕಗಳಿಗೂ ಹತ್ತಿದೆ. ನನ್ನ ಗಂಡ ತೀರಿಕೊಂಡ ಮೇಲೆ ಸಿಕ್ಕ ಕೆಲಸ. ಈ ಕಥೆ ಅದರ ಬಗ್ಗೆ ಅಲ್ಲ.

ಚನ್ನಲಿಂಗಪ್ಪನವರು ಸರ್ವೆ ಇಲಾಖೆಯಲ್ಲಿ ಟ್ರೇಸರ್ ಆಗಿ ನಿವೃತ್ತರಾದವರು. ಅಂದರೆ ಊರೂರಿನ ನಕ್ಷೆಗಳ ಮೇಲೆ ಪಾರದರ್ಶಕ ಹಾಳೆ ಇಟ್ಟು ಗೆರೆ ತಿದ್ದುವ ಕೆಲಸ. ಹೆಂಡತಿ ಉಮಾಮಹೇಶ್ವರಿ ಹೋದ ಮೇಲೆ ದಿನವೂ ಬೆಳಿಗ್ಗೆ ಬಂದು ಪೇಪರನ್ನು ಟೆಂಡರ್ ಪ್ರಕಟಣೆಯವರೆಗೂ ಓದುತ್ತಿದ್ದರು. ಒಂದು ದಿನ ಓದಲು ಟೆಂಡರೂ ಉಳಿಯದೆ ಹಿಂದಿನ ಕೋಣೆಗೆ ಬಂದರು. ಅಲ್ಲಿ ಯಾರೋ ದಾನ ಕೊಟ್ಟ ಪೆಟ್ಟಿಗೆಯಲ್ಲಿ ಒಂದು ದಪ್ಪ ಕಾಮಿಕ್ಸ್ ಸಿಕ್ಕಿತು.

"ಇದು ಮಕ್ಕಳದಾ, ದೊಡ್ಡವರದಾ?"

"ದೊಡ್ಡವರದು. ಬರೆದವರು ತಮ್ಮ ಬದುಕನ್ನೇ ಚಿತ್ರದಲ್ಲಿ ಹೇಳಿದ್ದಾರೆ. ಒಂದೊಂದು ಚೌಕದಲ್ಲಿ ಒಂದೊಂದು ಗಳಿಗೆ."

ಅವರು ನಿಂತೇ ನಲವತ್ತು ಪುಟ ತಿರುಗಿಸಿದರು. ಇಂಗ್ಲಿಷ್ ಓದಲಿಲ್ಲ. ಗೆರೆಗಳನ್ನು ಪರೀಕ್ಷಿಸಿದರು.

"ಚೌಕ ಸಮಾ ಇಲ್ಲ. ಇಲ್ಲಿ ಅರ್ಧ ಮಿಲಿಮೀಟರ್ ಹೊರಟೋಗೈತೆ ನೋಡಿ," ಎಂದರು. ಆಮೇಲೆ ಪುಸ್ತಕ ಮುಚ್ಚಿ, "ಚೌಕ ಹಾಕೋದು ನನಗೂ ಬತ್ತದೆ ಕಣಮ್ಮ. ಮೂವತ್ತೊಂದು ವರ್ಷ ಇನ್ನೇನ್ ಮಾಡಿದೀನಿ?" ಎಂದರು.

ಮರುದಿನ ಉದ್ದನೆಯ ಡ್ರಾಯಿಂಗ್ ಪುಸ್ತಕ, ಸ್ಕೇಲು, ಮಸಿಪೆನ್ನು ತಂದು ನನ್ನ ಮೇಜಿನ ಅರ್ಧ ಭಾಗವನ್ನು ವಶಪಡಿಸಿಕೊಂಡರು. ಒಟ್ಟು ಇಪ್ಪತ್ನಾಲ್ಕು ಚೌಕ. ಹೆಂಡತಿಯ ವರ್ಷದ ಕಾರ್ಯಕ್ಕೆ ಆರು ವಾರ ಉಳಿದಿತ್ತು. ಅಷ್ಟರಲ್ಲಿ ಮುಗಿಯಬೇಕು. ಕೊನೆಯ ಚೌಕದಲ್ಲಿ ಹೆಂಡತಿಯ ಮುಖ ಇರಬೇಕು.

"ಫೋಟೋ ಇದೆಯಲ್ಲ?" ಎಂದೆ.

"ಐತೆ. ಆಧಾರ್ ಕಾರ್ಡಿಂದು ದೊಡ್ಡದು ಮಾಡ್ಸಿರೋದು. ಅದರಾಗೆ ನಮ್ಮೋಳು ಯಾರನ್ನೋ ಕೊಲೆ ಮಾಡಿ ಸಿಕ್ಕಾಕ್ಕೊಂಡಂಗವ್ಳೆ. ಅದು ಅವಳಲ್ಲ." ಸ್ವಲ್ಪ ಹೊತ್ತು ಪೆನ್ನು ಒರೆಸಿದರು. "ದಿನಾ ಒಸಿ ಒಸಿ ಅಳುಸ್ಕೊಂಡು ಹೋಯ್ತಾ ಐತೆ ಕಣಮ್ಮ ಮುಖ. ನೀವು ಓದಿರೋರು. ನಿಮ್ಮ ಯಜಮಾನ್ರದು ಜ್ಞಾಪಕ ಐತಾ?"

ನಾನು ರಿಜಿಸ್ಟರಿನ ಮೂಲೆ ಸರಿಮಾಡಿ, ಚೌಕಗಳ ನಡುವೆ ಒಂದಿಷ್ಟು ಬಿಳಿ ಜಾಗ ಬಿಡಬೇಕೆಂದು ಹೇಳಿದೆ.

"ಯಾಕೆ?"

"ಒಂದು ಚೌಕಕ್ಕೂ ಇನ್ನೊಂದಕ್ಕೂ ಮಧ್ಯೆ ಕಾಲ ಕಳೆಯುತ್ತದೆ. ಅದು ಆ ಬಿಳಿ ಜಾಗದಲ್ಲಿ."

"ಎಷ್ಟು ವರ್ಷ ಹಿಡಿಸ್ತದೆ?"

"ಎಷ್ಟು ಬೇಕಾದರೂ."

ಅವರು ತುಂಬಾ ಗೌರವದಿಂದ ಆ ಜಾಗವನ್ನು ಅಳೆದು ಬಿಟ್ಟರು.

ತೊಂದರೆ ಬೇರೆ ಕಡೆ ಇತ್ತು. ಸರ್ವೆಯವರು ಲೋಕವನ್ನು ಮೇಲಿನಿಂದ ಮಾತ್ರ ನೋಡುತ್ತಾರೆ. ಹಾಗಾಗಿ ಮೊದಲ ಚೌಕದ ಮದುವೆಯಲ್ಲಿ ಇದ್ದದ್ದು ಎರಡು ವೃತ್ತ. ಒಂದರ ನಡುವೆ ಗೆರೆ, ಅದು ಬೈತಲೆ, ಅಂದರೆ ಉಮಾಮಹೇಶ್ವರಿ. ಇನ್ನೊಂದು ಬರಿಯ ವೃತ್ತ, ಅವರು. ಮಾತಾಡಿದ್ದನ್ನು ಗುಳ್ಳೆಯೊಳಗೆ ಬರೆಯಬೇಕು ಎಂದು ಹೇಳಿಕೊಟ್ಟಾಗ ಗುಳ್ಳೆಗಳನ್ನು ಹಾಕಿದರು. ಒಳಗೆ ಏನೂ ಬರೆಯಲಿಲ್ಲ. "ಮಾತಾಡಿದ್ದು ನಿಜ. ಏನು ಅಂತ ಜ್ಞಾಪಕ ಇಲ್ಲ," ಎಂದರು. ಪ್ರತಿ ಚೌಕಕ್ಕೂ ನಂಬರು, ಉದ್ದಗಲ, ಉತ್ತರ ದಿಕ್ಕಿನ ಬಾಣ, ಕೆಳಗೆ ನಾಲ್ಕೂ ಕಡೆಯ ಗಡಿ. ಏಳನೆಯದರ ಕೆಳಗೆ ಹೀಗಿತ್ತು: ಪೂರ್ವಕ್ಕೆ ಹಫೀಜಾ ಮನೆ ಗೋಡೆ, ಪಶ್ಚಿಮಕ್ಕೆ ಬಚ್ಚಲು, ಉತ್ತರಕ್ಕೆ ನುಗ್ಗೆ ಮರ, ದಕ್ಷಿಣಕ್ಕೆ ಉಮಾ.

ಪಕ್ಕದ ಮನೆಯ ಹಫೀಜಾ ರೇಷ್ಮೆ ಶೆಡ್ಡಿನಿಂದ ಕೈ ಒರೆಸಿಕೊಳ್ಳುತ್ತಾ ಬಂದು ನೋಡಿದಳು. ಉಮಾಮಹೇಶ್ವರಿಯೂ ಇವಳೂ ಇಪ್ಪತ್ತೈದು ವರ್ಷ ಗೋಡೆಯ ಮೇಲಿಂದ ಸಾರು ಬದಲಾಯಿಸಿಕೊಂಡವರು.

"ಇದು ಉಮಕ್ಕನಾ? ಅರೆ ಚನ್ನಲಿಂಗಣ್ಣ, ಇದು ಇಡ್ಲಿ!"

"ಮುಖ ಬರ್ತಾ ಇಲ್ಲ ಹಫೀಜಮ್ಮ."

"ಹೆಂಗೆ ಬರ್ತದೆ? ಊಟಕ್ಕೆ ಕೂತ್ರೆ ತಟ್ಟೆ ನೋಡ್ತೀರಿ, ಎದ್ರೆ ಚಪ್ಪಲಿ ನೋಡ್ತೀರಿ. ಮುಖ ಎಲ್ಲಿ ನೋಡಿದ್ರಿ ನೀವು?"

ಚನ್ನಲಿಂಗಪ್ಪನವರು ಇಡ್ಲಿಗೆ ಒಂದು ಎಳೆ ಮಲ್ಲಿಗೆ ಸೇರಿಸಿದರು.

ಇಪ್ಪತ್ಮೂರು ಚೌಕ ಮುಗಿದವು. ಇಪ್ಪತ್ನಾಲ್ಕನೆಯದು ಖಾಲಿ ಉಳಿಯಿತು. ಆಗ ಅವರಿಗೆ ಇಲಾಖೆಯ ಅಭ್ಯಾಸ ಕೆರಳಿತು. ಯಾವ ನಕ್ಷೆ ಪುಸ್ತಕಕ್ಕೂ ಮುಂದೆ ಒಂದು ಸೂಚಿ ಹಾಳೆ ಇರಬೇಕು, ಎಲ್ಲ ಚೌಕಗಳೂ ಅದರಲ್ಲಿ ಸಣ್ಣದಾಗಿ ಕಾಣಬೇಕು. ದೊಡ್ಡ ಹಾಳೆಯಲ್ಲಿ ಸಾಲಿಗೆ ಆರರಂತೆ ನಾಲ್ಕು ಸಾಲು ಹಾಕಿದರು. ನಡುವೆ ಬಿಳಿ ಜಾಗ. ತಲೆಬರಹ: ಉಮಾಮಹೇಶ್ವರಿ, ಒಟ್ಟು ಚೌಕ ೨೪. ಅದನ್ನು ಜೆರಾಕ್ಸ್ ಮಾಡಿಸಲು ಬಸ್ ಸ್ಟ್ಯಾಂಡಿನ ಹತ್ತಿರ ಹೋದರು.

ಜೆರಾಕ್ಸ್ ಅಂಗಡಿಯಲ್ಲಿ ಮುನಿಕೃಷ್ಣ ನಿಂತಿದ್ದ. ಅವನು ಜಮೀನಿನ ದಲ್ಲಾಳಿ. ಕೈಲಾಂಚದ ದಾರಿಯಲ್ಲಿ ಚನ್ನಲಿಂಗಪ್ಪನವರಿಗೆ ಇರುವ ಒಂದೂವರೆ ಎಕರೆ ಹಿಪ್ಪುನೇರಳೆ ತೋಟಕ್ಕಾಗಿ ಮೂರು ವರ್ಷ ಅವರ ಹಿಂದೆ ಸುತ್ತಿದವನು. ನಮ್ಮ ಕಡೆ ಯಾರ ಕೈಗಾದರೂ ನಂಬರು ಹಾಕಿದ ಚೌಕಗಳ ಹಾಳೆ ಸಿಕ್ಕರೆ ಅದನ್ನು ಮಗುವೂ ಒಂದೇ ರೀತಿ ಓದುತ್ತದೆ. ಮುನಿಕೃಷ್ಣ ಮಗುವಲ್ಲ.

"ಸದ್ದಿಲ್ದಂಗೆ ಇಪ್ಪತ್ನಾಲ್ಕು ಮಾಡ್ಬುಟ್ರಾ ಯಜಮಾನ್ರೇ!"

"ನಾಲ್ಕು ವಾರದ ಕೆಲಸ ಕಣಪ್ಪ," ಎಂದರು ಚನ್ನಲಿಂಗಪ್ಪ, ಕಲೆಯ ಬಗ್ಗೆ ಕೇಳುವವನು ಕೊನೆಗೂ ಒಬ್ಬ ಸಿಕ್ಕನೆಂಬ ಸಂತೋಷದಲ್ಲಿ.

"ರೋಡು ಏನ್ ಅಗಲ ಬಿಟ್ಟಿದೀರಿ! ಈಗಿನ ಕಾಲದಾಗೆ ಯಾರು ಬಿಡ್ತಾರೆ?"

"ಲೈಬ್ರರಿ ಮೇಡಂ ಹೇಳಿದ್ರು, ಬಿಡಲೇಬೇಕು ಅಂತ."

"ಇವು ಬೋರ್‌ವೆಲ್ಲಾ?" ಮುನಿಕೃಷ್ಣ ಮಾತಿನ ಗುಳ್ಳೆಗಳ ಮೇಲೆ ಬೆರಳಿಟ್ಟಿದ್ದ. ಚನ್ನಲಿಂಗಪ್ಪನವರಿಗೆ ಕನ್ನಡಕ ಮನೆಯಲ್ಲಿ ಉಳಿದಿತ್ತು. ಒಳ್ಳೆಯ ಮಾತೇ ಇರಬೇಕೆಂದು ತಲೆ ಆಡಿಸಿದರು.

"ಖಾಲಿ ಎಷ್ಟವೆ?"

"ಒಂದೇ. ಇಪ್ಪತ್ನಾಲ್ಕು."

"ಕಾರ್ನರ್ರು! ಅದು ನನಗಿರ್ಲಿ."

"ಅದು ಆಗಕ್ಕಿಲ್ಲ. ನಮ್ಮ ಮನೆಯವರಿಗೆ ಇಟ್ಟಿರೋದು."

ಸಂಜೆಯೊಳಗೆ ಹಾಳೆಯ ಫೋಟೋ ಎಲ್ಲರ ಫೋನಿನಲ್ಲಿತ್ತು. ಉಮಾಮಹೇಶ್ವರಿ ನಗರ. ಇಪ್ಪತ್ನಾಲ್ಕು ಸೈಟುಗಳಲ್ಲಿ ಇಪ್ಪತ್ಮೂರು ಆಗಲೇ ಹೋಗಿವೆ.

ಮುಗಿದುಹೋದ ವಸ್ತುವಿನ ಮೇಲೆ ಜನಕ್ಕಿರುವ ಪ್ರೀತಿ ದೊಡ್ಡದು. ಮರುದಿನದಿಂದ ಚನ್ನಲಿಂಗಪ್ಪನವರ ಮನೆಗೆ ಭೇಟಿ ಆರಂಭವಾಯಿತು. ಹತ್ತು ವರ್ಷ ಮಾತಾಡಿಸದಿದ್ದವರು ಬಾಳೆಹಣ್ಣು ತಂದರು. ಮಾಗಡಿಯಿಂದ ಒಬ್ಬರು ಬಂದು, ಉಮಾಮಹೇಶ್ವರಿ ತಮಗೆ ಚಿಕ್ಕಮ್ಮನ ಕಡೆಯಿಂದ ಅಕ್ಕ ಆಗಬೇಕೆಂದು ಹೇಳಿ ಒಂದು ಲೋಟ ಕಾಫಿ ಕುಡಿದು ಕಣ್ಣೀರು ಹಾಕಿದರು. ಚನ್ನಲಿಂಗಪ್ಪನವರು ಪ್ರತಿಯೊಬ್ಬರನ್ನೂ ಓದುಗರೆಂದೇ ಭಾವಿಸಿದರು.

"ಇಷ್ಟು ಜನಕ್ಕೆ ಅವಳು ಬೇಕಾಗಿದ್ಲು ಅಂತ ನನಗೆ ಗೊತ್ತೇ ಇರ್ಲಿಲ್ಲ ಕಣಮ್ಮ," ಎಂದು ನನ್ನ ಮೇಜಿನ ಮುಂದೆ ಕೂತು ಕಣ್ಣೊರೆಸಿಕೊಂಡರು.

ಹಫೀಜಾ ಅವರೊಡನೆ ಮಾತು ಬಿಟ್ಟಳು. ತಾನು ನೋಡಿದ ಇಡ್ಲಿ ಬೇರೆ, ಫೋನಿಗೆ ಬಂದ ಹಾಳೆ ಬೇರೆ ಎಂದೇ ಅವಳು ನಂಬಿದ್ದಳು. ಗೋಡೆಯ ಮೇಲೆ ಸಾರಿನ ಬಟ್ಟಲು ಬರುವುದು ನಿಂತಿತು. "ಬೀದಿಯೋರಿಗೆಲ್ಲಾ ಕೊಟ್ರು. ಇಪ್ಪತ್ತೈದು ವರ್ಷ ಗೋಡೆ ಹಂಚ್ಕೊಂಡೋಳಿಗೆ ಒಂದು ಮಾತು ಕೇಳ್ಲಿಲ್ಲ. ನಾನು ತಗೋತಿರ್ಲಿಲ್ಲ, ಅದು ಬೇರೆ. ಕೇಳ್ಬೇಕು ಅಲ್ವಾ?" ಎಂದು ನನ್ನ ಹತ್ತಿರ ಹೇಳಿದಳು.

ಕನಕಪುರಕ್ಕೆ ಕೊಟ್ಟ ಮಗಳು ಸ್ಪಂದನಾ ಬಸ್ಸಿಳಿದು ನೇರವಾಗಿ ಗ್ರಂಥಾಲಯಕ್ಕೇ ಬಂದಳು. ಪೇಪರ್ ಓದುತ್ತಿದ್ದವರು ಓದುವುದನ್ನು ನಿಲ್ಲಿಸದೆ ಕಿವಿ ಈ ಕಡೆ ಇಟ್ಟರು.

"ಅಪ್ಪಾ, ನನಗೆ ಒಂದು ಮಾತು ಹೇಳ್ಬಾರ್ದಿತ್ತಾ?"

"ನೀನೂ ಇದೀಯ ಕಣವ್ವ. ಒಂಬತ್ತು."

"ಒಂಬತ್ತು ಮಧ್ಯದ್ದು! ನಮ್ಮೆಜಮಾನ್ರು ಹೇಳವ್ರೆ, ತಗಂಡ್ರೆ ಇಪ್ಪತ್ನಾಲ್ಕೇ ತಗೋ ಅಂತ."

"ಅದು ನಿಮ್ಮಮ್ಮಂದು."

"ಅಮ್ಮ ಹೋಗ್ಬುಟ್ಟವ್ಳಲ್ಲಪ್ಪಾ!"

"ಅದುಕ್ಕೇ ಖಾಲಿ ಐತೆ."

ಸ್ಪಂದನಾ ಅತ್ತಳು. ಯಾವುದಕ್ಕೆ ಅತ್ತಳೆಂದು ಮುಂದಿನ ಕೋಣೆಯಲ್ಲಿ ಎರಡು ಪಕ್ಷಗಳಾದವು.

ಆ ಹೊತ್ತಿಗೆ ನನಗೆ ವಿಷಯ ಗೊತ್ತಾಗಿತ್ತು. ಸೈಟಲ್ಲ, ಚಿತ್ರ ಎಂದು ನಾನು ನಾಲ್ಕು ಜನರಿಗೆ ಹೇಳಿದೆ. ನಾಲ್ವರೂ ನಕ್ಕು, ನನಗೆ ಯಾವ ನಂಬರು ಎಂದು ಕೇಳಿದರು. ಓದುಗರು ಬಂದರೆಂದು ಕಣ್ಣೊರೆಸಿಕೊಂಡವರಿಗೆ ಮಾತ್ರ ಹೇಳಲು ನನಗೆ ಮನಸ್ಸಾಗಲಿಲ್ಲ.

ಕೈಲಾಂಚದಲ್ಲಿ ಅವರ ತೋಟದ ಪಕ್ಕದ ರೈತ ಮುನಿಶಾಮಯ್ಯ ಹಾಳೆಯನ್ನು ತನ್ನ ಮೊಮ್ಮಗಳ ಫೋನಿನಲ್ಲಿ ದೊಡ್ಡದು ಮಾಡಿ ನೋಡಿದ. ತನ್ನ ಹಸುಗಳು ಓಡಾಡುವ ದಾರಿ ಇಪ್ಪತ್ತೊಂದನೇ ನಂಬರಿನೊಳಗೆ ಮುಚ್ಚಿಹೋಗಿದೆಯೆಂದು ತೀರ್ಮಾನಿಸಿ ನಾಡಕಚೇರಿಗೆ ಅರ್ಜಿ ಕೊಟ್ಟ. ಕಂದಾಯ ನಿರೀಕ್ಷಕ ಉದಯಶಂಕರ್ ಹೊಸಬರು, ನಿಯಮದವರು. ಬೈಕಿನಲ್ಲಿ ಗ್ರಂಥಾಲಯಕ್ಕೆ ಬಂದು ಹಾಳೆ ತೋರಿಸಿ, "ಇದಕ್ಕೆ ಸಂಬಂಧಪಟ್ಟ ಮೂಲ ಪುಸ್ತಕ ಇದೆಯಂತೆ. ಕೊಡಿ, ಪರಿಶೀಲಿಸಬೇಕು," ಎಂದರು.

ನಾನು ಬಾಯಿ ತೆರೆಯುವುದರೊಳಗೆ ಚನ್ನಲಿಂಗಪ್ಪನವರು ಪುಸ್ತಕವನ್ನು ಎರಡೂ ಕೈಯಲ್ಲಿ ಎತ್ತಿ ಕೊಟ್ಟಿದ್ದರು. ನಿರೀಕ್ಷಕರು ಹೋದ ಮೇಲೆ ನನ್ನ ಕಡೆ ತಿರುಗಿ, "ಸರ್ಕಾರವೇ ಓದಕ್ಕೆ ತಗಂಡೋಯ್ತು ನೋಡಿ!" ಎಂದರು.

ಎರಡು ದಿನಕ್ಕೆ ನೋಟಿಸು ಬಂತು. ಅನುಮತಿಯಿಲ್ಲದೆ ಕೃಷಿ ಜಮೀನನ್ನು ನಿವೇಶನಗಳಾಗಿ ವಿಂಗಡಿಸಿದ ಬಗ್ಗೆ ವಿಚಾರಣೆ, ಗುರುವಾರ ಬೆಳಿಗ್ಗೆ ಹನ್ನೊಂದಕ್ಕೆ. ಇತ್ಯರ್ಥವಾಗುವವರೆಗೆ ಪುಸ್ತಕವನ್ನು ಹಿಂದಿರುಗಿಸಲಾಗದು. ಚನ್ನಲಿಂಗಪ್ಪನವರು ಅದನ್ನು ಮೂರು ಸಲ ಓದಿದರು. ವರ್ಷದ ಕಾರ್ಯ ಶುಕ್ರವಾರ.

"ಇವರೆಲ್ಲಾ ಬಂದಿದ್ದು ಇದುಕ್ಕಾ?" ಎಂದರು. ಬಾಳೆಹಣ್ಣು ತಂದವರನ್ನು ಬೆರಳಲ್ಲಿ ಎಣಿಸಿದರು. "ಫೋಟೋ ಮುಂದೆ ಮಾತು ಕೊಟ್ಬುಟ್ಟಿದೀನಿ ಕಣಮ್ಮ. ವರ್ಷದೊಳಗೆ ಮುಖ ಬರುಸ್ತೀನಿ ಅಂತ. ಈಗ ಪುಸ್ತಕವೂ ಇಲ್ಲ."

ಗುರುವಾರ ನಾಡಕಚೇರಿಯಲ್ಲಿ ಕೂರಲು ಜಾಗವಿರಲಿಲ್ಲ. ಮುನಿಕೃಷ್ಣ ಬಂದಿದ್ದ. ಸ್ಪಂದನಾ ಬಂದಿದ್ದಳು. ಮಾತು ಬಿಟ್ಟಿದ್ದ ಹಫೀಜಾ, ತಾನು ಮಾತಾಡಲು ಬಂದಿಲ್ಲವೆಂದು ಎಲ್ಲರಿಗೂ ಹೇಳುತ್ತಾ ಮೊದಲ ಬೆಂಚಿನಲ್ಲಿ ಕೂತಿದ್ದಳು. ಉದಯಶಂಕರ್ ಮೊದಲು ನನ್ನ ಹೇಳಿಕೆ ತೆಗೆದುಕೊಂಡರು.

"ಚೌಕಗಳ ಮಧ್ಯೆ ಜಾಗ ಬಿಡಲು ಹೇಳಿದ್ದು ನೀವೇ?"

"ಹೌದು."

"ಯಾವ ಉದ್ದೇಶಕ್ಕೆ?"

"ಕಾಲ ಕಳೆಯುವುದಕ್ಕೆ."

ಅವರು ಸ್ವಲ್ಪ ಯೋಚಿಸಿ 'ಸಂಚಾರಕ್ಕಾಗಿ' ಎಂದು ಬರೆದುಕೊಂಡರು. ಆಮೇಲೆ ಪುಸ್ತಕ ತೆರೆದರು.

"ಚನ್ನಲಿಂಗಪ್ಪನವರೇ, ಒಂದನೇ ನಂಬರಿನ ಮಾಲೀಕರು ಯಾರು?"

"ಮಾಲೀಕರು ಅಂತ ಇಲ್ಲ ಸಾರ್. ಅದು ನನ್ನ ಮದುವೆ."

ಕೋಣೆಯಲ್ಲಿ ಯಾರೋ ಕೆಮ್ಮಿದರು.

"ಈ ಎರಡು ಮ್ಯಾನ್‌ಹೋಲು?"

"ಇದು ನಾನು ಸಾರ್. ಇದು ನಮ್ಮೋಳು."

ಉದಯಶಂಕರ್ ಪುಸ್ತಕವನ್ನು ತಿರುಗಿಸಿ ನೋಡಿದರು, ಮತ್ತೆ ನೆಟ್ಟಗೆ ಮಾಡಿದರು. ನಿಯಮದವರಾದ್ದರಿಂದ ಮಧ್ಯದಲ್ಲಿ ನಿಲ್ಲಿಸಲಾರರು. "ಏಳು?" ಎಂದರು.

"ಹಫೀಜಮ್ಮನ ಗೋಡೆ. ಈ ಕಡೆ ಇವಳು, ಆ ಕಡೆ ಅವಳು. ಮಧ್ಯ ಇರೋದು ಬಸ್ಸಾರು."

ಹಫೀಜಾ ಬೆಂಚಿನಿಂದ ಎದ್ದಳು. "ನಾನಿದೀನಾ?"

"ಒಂಬತ್ತು? ದೊಡ್ಡ ವೃತ್ತದೊಳಗೆ ಸಣ್ಣ ವೃತ್ತ. ಓವರ್‌ಹೆಡ್ ಟ್ಯಾಂಕಾ?"

"ನಮ್ಮ ಸ್ಪಂದನಾ ಸಾರ್. ಆರು ತಿಂಗಳು. ತಾಯಿ ತೊಡೆ ಮ್ಯಾಲೆ ಮಲಗವ್ಳೆ."

ಸ್ಪಂದನಾ ಸೆರಗು ಬಾಯಿಗಿಟ್ಟುಕೊಂಡಳು. ಈ ಸಲ ಪಕ್ಷಗಳಾಗಲಿಲ್ಲ.

"ಹದಿನಾಲ್ಕು?" ಒಂದೇ ದೊಡ್ಡ ವೃತ್ತ, ಒಳಗೆ ಕಡ್ಡಿಗಳು.

"ಕೊಡೆ. ತೋಟದಾಗೆ ಆಲಿಕಲ್ಲು ಬಿದ್ದ ದಿನ. ಒಳಗೆ ಇಬ್ಬರಿದೀವಿ."

"ಕಾಣಿಸುವುದಿಲ್ಲವಲ್ಲ?"

"ನಮಗೆ ಗೊತ್ತಲ್ಲ ಸಾರ್."

ಉದಯಶಂಕರ್ ಏನನ್ನೋ ಬರೆಯಲು ಹೋಗಿ ಬಿಟ್ಟರು. ಸೂಚಿ ಹಾಳೆಯಲ್ಲಿ ಮೂರನೇ ಸಾಲಿಗೂ ನಾಲ್ಕನೇ ಸಾಲಿಗೂ ನಡುವಿನ ಅಗಲವಾದ ಬಿಳಿ ಪಟ್ಟಿಯ ಮೇಲೆ ಸ್ಕೇಲಿಟ್ಟರು. "ಈ ಮುಖ್ಯರಸ್ತೆ ಎಷ್ಟು?"

"ಹನ್ನೊಂದು ವರ್ಷ ಸಾರ್."

"ನಾನು ಕೇಳಿದ್ದು ಅಳತೆ."

"ಅಳತೆನೇ ಸಾರ್ ಅದು. ಪ್ರಮೋಷನ್ನಿಗೆ ಅಂತ ಬೆಂಗಳೂರಿಗೆ ಓಡಾಡ್ತಿದ್ದೆ. ಪ್ರಮೋಷನ್ ಬರ್ಲಿಲ್ಲ. ಆ ಹನ್ನೊಂದು ವರ್ಷ ಅವಳು ಹೆಂಗಿದ್ಲೋ ನಾನು ನೋಡ್ಲಿಲ್ಲ. ನೋಡ್ದೇ ಇದ್ದದ್ದನ್ನ ಬರೆಯಕ್ಕಾಗಕ್ಕಿಲ್ಲ, ಇಲಾಖೆ ನಿಯಮ."

ಹಿಂದೆ ನಿಂತಿದ್ದ ಮುನಿಶಾಮಯ್ಯನಿಗೆ ತಾಳ್ಮೆ ಮುಗಿಯಿತು. "ಅದೆಲ್ಲಾ ಇರ್ಲಿ ಸ್ವಾಮಿ. ಇಪ್ಪತ್ತೊಂದ್ರಾಗೆ ನಮ್ಮ ದನದ ದಾರಿ ನುಂಗವ್ರೆ, ಅದು ಹೇಳಿ!"

"ಅದು ದಾರಿಯಲ್ಲ ಕಣ್ಲಾ, ನಮ್ಮನೆ ಹೊಸ್ತಿಲು," ಎಂದರು ಚನ್ನಲಿಂಗಪ್ಪ. "ಕೊನೇ ಮೂರು ತಿಂಗಳು ಅವಳಿಗೆ ನೀನು ದಿನಾ ಬೆಳಿಗ್ಗೆ ಹಾಲು ತಂದು ಇಟ್ಟು ಹೋಯ್ತಿದ್ದಲ್ಲ. ಈ ರುಮಾಲಿನ ಗುಂಡು ನೀನೇ."

ಮುನಿಶಾಮಯ್ಯ ಹತ್ತಿರ ಬಂದು ತನ್ನ ರುಮಾಲನ್ನು ಬಹಳ ಹೊತ್ತು ನೋಡಿದ. ಆಮೇಲೆ ಕಂದಾಯ ನಿರೀಕ್ಷಕರ ಕಡೆ ತಿರುಗಿ, "ದಾರಿ ಐತೆ ಬುಡಿ ಸ್ವಾಮಿ. ನಮ್ಮ ದನ ಹೆಂಗೋ ಓಡಾಡ್ತವೆ," ಎಂದ.

"ಯಜಮಾನ್ರೇ," ಎಂದ ಮುನಿಕೃಷ್ಣ ಸಣ್ಣ ದನಿಯಲ್ಲಿ, "ನಾನೆಲ್ಲೂ ಇಲ್ವಾ?"

"ಇಲ್ಲ ಕಣಪ್ಪ."

"ಮೂರು ವರ್ಷ ನಿಮ್ಮನೆ ಬಾಗಿಲಿಗೆ ಅಲೆದಿದೀನಿ. ಅಕ್ಕ ಎಷ್ಟು ಸಲ ಮಜ್ಜಿಗೆ ಕೊಟ್ಟವ್ರೆ. ಎಲ್ಲಾದ್ರೂ ಒಂದು ಮೂಲೇಲಿ…"

"ಮೌನವಾಗಿರಿ," ಎಂದರು ಉದಯಶಂಕರ್. ಪುಟ ತಿರುಗಿಸಿದರು. "ಇಪ್ಪತ್ನಾಲ್ಕು. ಇದು ಖಾಲಿ. ಇದರ ಉಪಯೋಗ ಏನು?"

ಚನ್ನಲಿಂಗಪ್ಪನವರು ಎದ್ದು ನಿಂತರು. "ಅಲ್ಲಿ ಅವಳ ಮುಖ ಬರ್ಬೇಕಿತ್ತು ಸಾರ್. ಬರ್ಲಿಲ್ಲ. ಮೇಲಿಂದ ನೋಡೋದು ಒಂದೇ ಬರೋದು ನನಗೆ. ನಾಳೆ ವರ್ಷ ತುಂಬ್ತದೆ. ಪುಸ್ತಕ ಕೊಟ್ರೆ ಇವತ್ತು ಇನ್ನೊಂದು ಸಲ ನೋಡ್ತೀನಿ."

ಮಾತಾಡಲು ಬಂದಿಲ್ಲದ ಹಫೀಜಾ ಮಾತಾಡಿದಳು.

"ದಿನಾ ಸಂಜೆ ನಿಮ್ಮ ಟಿವಿಎಸ್ಸು ಬೀದಿ ತಿರುಗೋ ಸದ್ದು ಕೇಳಿದ್ರೆ ಸಾಕು. ಉಮಕ್ಕ ಗೋಡೆ ಹತ್ರ ಅರ್ಧ ಮಾತು ಬಿಟ್ಟು ಓಡೋರು. ನಾನು ಬೈಯ್ಯೋಳು, 'ಏನ್ರೀ, ಹೊಸಾ ಮದುಮಗನಾ?' ಅಂತ. ಬಾಗಿಲಲ್ಲಿ ನಿಂತ್ಕೊಂಡು ನಿಮ್ಮನ್ನೇ ನೋಡೋರು. ನೀವು ತಲೆ ಬಗ್ಗಿಸ್ಕೊಂಡು ಸ್ಟ್ಯಾಂಡ್ ಹಾಕೋರು. ನೀವು ತಲೆ ಎತ್ತೋ ಹೊತ್ಗೆ ಅವರು ಒಳಗೆ, ಕಾಫಿಗೆ. ಇಪ್ಪತ್ತೈದು ವರ್ಷ ನಾನು ನೋಡಿದೀನಿ ಆ ಮುಖ. ನೀವು ಒಂದಿನ ನೋಡಿಲ್ಲ."

ಚನ್ನಲಿಂಗಪ್ಪನವರು ಅಳುತ್ತಾರೆಂದು ನಾನು ಅಂದುಕೊಂಡೆ. ಅವರು ಕೇಳಿದ್ದು ಇಷ್ಟೇ:

"ಬಾಗಿಲಿಗೆ ಎಡಕ್ಕಾ, ಬಲಕ್ಕಾ?"

"ಎಡಕ್ಕೆ. ದೀಪದ ಗೂಡಿನ ಪಕ್ಕ."

"ಹೊಸ್ತಿಲ ಮ್ಯಾಲಾ, ಒಳಗಾ?"

"ಒಂದು ಕಾಲು ಹೊರಗೆ."

ಅವರು ಮೇಜಿನ ಬಳಿ ಹೋಗಿ ಉದಯಶಂಕರ್ ಅವರ ಕೈಯಿಂದಲೇ ಪೆನ್ನು ತೆಗೆದುಕೊಂಡರು. ಸರ್ಕಾರಿ ಅಧಿಕಾರಿಯ ಕೈಯಿಂದ ಪೆನ್ನು ಕಸಿಯುವುದು ಸಣ್ಣ ಅಪರಾಧವಲ್ಲ. ಆದರೆ ಉದಯಶಂಕರ್ ಕೊಟ್ಟರು, ಸ್ಕೇಲನ್ನೂ ಕೊಟ್ಟರು. ಇಪ್ಪತ್ನಾಲ್ಕನೇ ಚೌಕದಲ್ಲಿ ಚನ್ನಲಿಂಗಪ್ಪನವರು ಒಂದು ಹೊಸ್ತಿಲು ಎಳೆದರು. ಅದರ ಎಡಗಡೆ, ಅರ್ಧ ಒಳಗೆ ಅರ್ಧ ಹೊರಗೆ, ನಕ್ಷೆಗಳಲ್ಲಿ ಗಡಿಕಲ್ಲಿಗೆ ಹಾಕುವ ಸಣ್ಣ ಕತ್ತರಿ ಗುರುತು ಹಾಕಿದರು. ವೃತ್ತ ಹಾಕಲಿಲ್ಲ. ಉತ್ತರದ ಬಾಣವನ್ನೂ ಹಾಕಲಿಲ್ಲ.

ಕಡತ ಮುಚ್ಚಬೇಕಾದರೆ ಪ್ರತಿ ನಂಬರಿಗೂ ಷರಾ ಬೇಕು. ಉದಯಶಂಕರ್ ಮೊದಲ ಇಪ್ಪತ್ಮೂರಕ್ಕೂ 'ವಾಸ್ತವ್ಯವಿದೆ' ಎಂದು ಬರೆದರು. ಕೊನೆಯದರ ಮುಂದೆ ಬಹಳ ಹೊತ್ತು ಪೆನ್ನು ಹಿಡಿದು ಕೂತು, ಆ ಚೌಕದ ಕೆಳಗೇ ಬರೆದು ಮೊಹರು ಒತ್ತಿ, ಪುಸ್ತಕವನ್ನು ಎರಡೂ ಕೈಯಲ್ಲಿ ಎತ್ತಿ ಕೊಟ್ಟರು.

ಶುಕ್ರವಾರ ಅದು ಆಧಾರ್ ಫೋಟೋದ ಮುಂದೆ ಕೊನೆಯ ಪುಟಕ್ಕೆ ತೆರೆದುಕೊಂಡಿತ್ತು. ಗೋಡೆಯ ಮೇಲಿಂದ ಬಸ್ಸಾರು ಬಂದಿತ್ತು. ಮುನಿಕೃಷ್ಣ ಎರಡು ಸಲ ಬಡಿಸಿಕೊಂಡು ಮಜ್ಜಿಗೆ ಕುಡಿದ. ಬಂದವರು ಒಬ್ಬೊಬ್ಬರಾಗಿ ಬಗ್ಗಿ ಷರಾ ಓದಿದರು:

'ಒಂದು ಗಡಿಕಲ್ಲು ಹೊರತು ಖಾಲಿ ಜಾಗ. ಮಾರಾಟ, ಪರಭಾರೆ ಮಾಡತಕ್ಕದ್ದಲ್ಲ.'

ನಾನು ಹಿಂದಿರುಗುವಾಗ ಬಸ್ ಸ್ಟ್ಯಾಂಡಿನಲ್ಲಿ ಒಂದು ಡ್ರಾಯಿಂಗ್ ಪುಸ್ತಕ ತೆಗೆದುಕೊಂಡೆ. ಸ್ಕೇಲಿಟ್ಟು ಒಂದು ಚೌಕ ಎಳೆದಿದ್ದೇನೆ. ನಂಬರು ಇನ್ನೂ ಹಾಕಿಲ್ಲ.